ವೀಸಾಕ್ಕೆ ಒಂದು ವಾರ, ಕಡತಕ್ಕೆ ಒಂದು ವರ್ಷ

ಜಪಾನಿಗೆ ಹೋಗಿ ಅಲ್ಲಿನ ಭಾಷೆ ಕಲಿಯಬೇಕೆಂದು ಆಸೆಪಟ್ಟವರು ಮೊದಲು ವಿಚಾರಿಸುವುದು ವೀಸಾದ ಬಗ್ಗೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ, ಸಂದರ್ಶನ ಕಷ್ಟವೇ? ಉತ್ತರ ಕೇಳಿದರೆ ಅಚ್ಚರಿಯಾಗುತ್ತದೆ. ಜಪಾನಿನ ಕಾನ್ಸುಲೇಟ್ ಜನರಲ್ ಕಚೇರಿ ಬೆಂಗಳೂರಿನಲ್ಲೇ ಇದೆ. ಕಾಗದಪತ್ರ ಸರಿಯಿದ್ದರೆ ಸುಮಾರು ಒಂದು ವಾರದೊಳಗೆ ವಿದ್ಯಾರ್ಥಿ ವೀಸಾ ಕೈಗೆ ಬರುತ್ತದೆ. ಭಾರತೀಯರಿಗೆ ಅದರ ಶುಲ್ಕ ಬಹುಕಾಲದಿಂದ ಕೆಲವು ನೂರು ರೂಪಾಯಿಯಷ್ಟೇ. ಹಾಗಿದ್ದರೆ ಇದಕ್ಕಾಗಿ ಏಜೆಂಟರು ಅಷ್ಟೊಂದು ದುಡ್ಡು ಕೇಳುವುದು ಯಾಕೆ, ಮನೆಮಂದಿ ತಿಂಗಳುಗಟ್ಟಲೆ ನಿದ್ದೆಗೆಡುವುದು ಯಾಕೆ?

ನಿಜವಾದ ತೀರ್ಮಾನ ಕಾನ್ಸುಲೇಟಿಗೆ ಹೋಗುವ ಮೊದಲೇ ಆಗಿರುತ್ತದೆ. ಜಪಾನಿನ ವಲಸೆ ಇಲಾಖೆಗೆ ಟೋಕಿಯೊ, ಒಸಾಕಾ, ನಗೋಯಾ, ಫುಕುವೋಕಾ ಮುಂತಾದ ಕಡೆ ಪ್ರಾದೇಶಿಕ ಕಚೇರಿಗಳಿವೆ. ನೀವು ಸೇರಲಿರುವ ಭಾಷಾ ಶಾಲೆ ನಿಮ್ಮ ಪರವಾಗಿ ಅಲ್ಲಿ ಅರ್ಜಿ ಹಾಕುತ್ತದೆ. ಅಧಿಕಾರಿಗಳು ಒಪ್ಪಿದರೆ ‘ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಈ ದಾರಿಯಲ್ಲಿ ನಡೆದವರೆಲ್ಲ ಅದನ್ನು ಸಿಒಇ ಎಂದೇ ಕರೆಯುತ್ತಾರೆ. 2023ರ ಮಾರ್ಚ್‌ನಿಂದ ಅದು ಇ-ಮೇಲ್‌ನಲ್ಲೂ ಬರುತ್ತದೆ. ಸಿಒಇ ಬಂದರೆ ವೀಸಾ ಬಂದ ಹಾಗೆಯೇ. ಬರದಿದ್ದರೆ ಕಾನ್ಸುಲೇಟಿನ ಬಾಗಿಲಿಗೆ ಹೋಗುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಯಾವ ಶಾಲೆ ಎಂದು ನಿರ್ಧರಿಸಿದ ದಿನವೇ ವೀಸಾದ ಅರ್ಧ ಹಣೆಬರಹ ಬರೆದಾಗಿರುತ್ತದೆ. ಉಳಿದರ್ಧ ನಿಮ್ಮ ಮನೆಯ ಲೆಕ್ಕಪತ್ರದಲ್ಲಿರುತ್ತದೆ.

ಮನೆಯ ಲೆಕ್ಕಪತ್ರ ಎಂದೆ. ಸಿಒಇಗಾಗಿ ಸಲ್ಲಿಸುವ ಕಡತದಲ್ಲಿ ಕಲಿಯುವವರ ಅಂಕಪಟ್ಟಿಗಿಂತ ಖರ್ಚು ಹೊರುವವರ ಪಾಸ್‌ಬುಕ್ಕೇ ಹೆಚ್ಚು ತೂಕದ್ದು. ಅಪ್ಪನ ಆದಾಯ ಎಷ್ಟು, ಅದು ಎಲ್ಲಿಂದ ಬಂತು, ಬ್ಯಾಂಕಿನಲ್ಲಿರುವ ಹಣ ಹೇಗೆ ಕೂಡಿತು, ಮಗಳಿಗೆ ಇಷ್ಟು ಖರ್ಚು ಮಾಡಲು ಅವರು ಒಪ್ಪಿದ್ದು ಯಾಕೆ ಎಂದೆಲ್ಲ ಕೇಳುತ್ತಾರೆ. ಮೊದಲ ಸಲ ಈ ಪಟ್ಟಿ ನೋಡಿದ ತಂದೆತಾಯಿಗೆ ಅವಮಾನವಾದಂತೆ ಅನಿಸುತ್ತದೆ. ಅದು ಸಹಜವೇ. ಆದರೆ ಈ ಒಂದೊಂದು ಪ್ರಶ್ನೆಯ ಹಿಂದೆಯೂ ಜಪಾನ್ ಅನುಭವಿಸಿದ ಒಂದು ಚರಿತ್ರೆ ಇದೆ. ಅದನ್ನು ಅರಿತವರಿಗೆ ಕಡತ ಕಟ್ಟುವುದು ಸುಲಭವಾಗುತ್ತದೆ ಎಂಬುದು ನನ್ನ ನಂಬಿಕೆ.

1983ರಲ್ಲಿ ಪ್ರಧಾನಿ ಯಾಸುಹಿರೊ ನಕಾಸೊನೆ ಅವರ ಸರ್ಕಾರ ಒಂದು ಗುರಿ ಹಾಕಿಕೊಂಡಿತು. ಆಗ ಜಪಾನಿನಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು ಸುಮಾರು 10,000. ಇಪ್ಪತ್ತೊಂದನೇ ಶತಮಾನದ ಹೊಸ್ತಿಲಿನಲ್ಲಿ ಅವರ ಸಂಖ್ಯೆ ಒಂದು ಲಕ್ಷ ಆಗಬೇಕು ಎಂಬುದು ಆ ಗುರಿ. ವಿಶ್ವವಿದ್ಯಾಲಯ ಸೇರಬೇಕಾದರೆ ಮೊದಲು ಭಾಷೆ ಬರಬೇಕಲ್ಲ? ಹಾಗಾಗಿ ಭಾಷೆ ಕಲಿಯಲು ಬರುವವರ ಪ್ರವೇಶ ವಿಧಾನವನ್ನು ಮರುವರ್ಷವೇ ಸರಳಗೊಳಿಸಲಾಯಿತು. ಆಗ ಜಪಾನಿನ ಆರ್ಥಿಕತೆ ಉಬ್ಬುತ್ತಿದ್ದ ಕಾಲ. ಹೋಟೆಲು, ಕಾರ್ಖಾನೆ, ಕಟ್ಟಡ ಕೆಲಸ ಎಲ್ಲಕ್ಕೂ ಆಳುಗಳ ಕೊರತೆ. ಅತ್ತ ಚೀನಾದಲ್ಲಿ ವಿದೇಶಕ್ಕೆ ಹೋಗುವ ಬಾಗಿಲು ಆಗಷ್ಟೇ ತೆರೆದಿತ್ತು. ಈ ಎರಡರ ನಡುವೆ ಭಾಷಾ ಶಾಲೆಗಳು ಮಳೆಗಾಲದ ಅಣಬೆಯಂತೆ ಎದ್ದವು. ಸಾಕಷ್ಟು ಕೊಠಡಿ, ಮೇಷ್ಟರು ಇಲ್ಲದಿದ್ದರೂ ಪ್ರವೇಶ ಪತ್ರ ಮಾರಿ ಹಣ ಮಾಡಿಕೊಂಡ ಶಾಲೆಗಳೂ ಅವುಗಳಲ್ಲಿದ್ದವು.

1988ರ ನವೆಂಬರಿನಲ್ಲಿ ಇದು ಸ್ಫೋಟಿಸಿತು. ಟೋಕಿಯೊದ ಶಾಲೆಗಳಿಗೆ ಮುಂಗಡ ಶುಲ್ಕ ಕಟ್ಟಿ, ಪ್ರವೇಶ ಪತ್ರ ಹಿಡಿದು, ವೀಸಾ ಸಿಗದೆ ಉಳಿದ ಜನ ಶಾಂಘೈಯ ಜಪಾನ್ ಕಾನ್ಸುಲೇಟನ್ನು ಸುತ್ತುವರಿದು ಪ್ರತಿಭಟಿಸಿದರು. ಅವರಲ್ಲಿ ಅನೇಕರು ನೆಂಟರಿಷ್ಟರಿಂದ ಸಾಲ ಮಾಡಿ ಹಣ ಕಳಿಸಿದ್ದರು, ಇದ್ದ ಕೆಲಸವನ್ನೂ ಬಿಟ್ಟಿದ್ದರು. ಅದು ಎರಡು ದೇಶಗಳ ನಡುವಿನ ರಾಜತಾಂತ್ರಿಕ ತಲೆನೋವಾಯಿತು. 1989ರಲ್ಲಿ ಶಾಲೆಗಳನ್ನು ಪರಿಶೀಲಿಸಲು ಒಂದು ಸಂಸ್ಥೆ ಹುಟ್ಟಿಕೊಂಡಿತು. ಅದೇ ವರ್ಷ ವಲಸೆ ಕಾನೂನಿಗೆ ತಿದ್ದುಪಡಿಯಾಗಿ, 1990ರ ಜೂನ್‌ನಲ್ಲಿ ಜಾರಿಗೆ ಬಂತು. ಇಂದಿನ ಸಿಒಇ ಪದ್ಧತಿ ಬಂದದ್ದು ಆ ತಿದ್ದುಪಡಿಯಲ್ಲಿ. ದುಡ್ಡು ಕಟ್ಟಿ, ಕೆಲಸ ಬಿಟ್ಟು, ಕೊನೆಗೆ ಕಾನ್ಸುಲೇಟಿನ ಮುಂದೆ ನಿಂತು ‘ಇಲ್ಲ’ ಎನಿಸಿಕೊಳ್ಳುವುದಕ್ಕಿಂತ, ಮೊದಲೇ ಜಪಾನಿನೊಳಗೆ ಪರಿಶೀಲನೆ ಮುಗಿಯುವುದು ಎಷ್ಟೋ ವಾಸಿ. ಇಂದಿಗೂ ಹಲವು ಶಾಲೆಗಳು ಸಿಒಇ ಮಂಜೂರಾದ ಮೇಲೆಯೇ ಬೋಧನಾ ಶುಲ್ಕ ಕಟ್ಟಿಸಿಕೊಳ್ಳುತ್ತವೆ. ಅದಕ್ಕೂ ಮೊದಲೇ ಪೂರ್ತಿ ಶುಲ್ಕ ಕೇಳುವವರು ಸಿಕ್ಕರೆ, ಶಾಲೆಯಾಗಲಿ ಏಜೆಂಟರಾಗಲಿ, ಎಚ್ಚರವಾಗಿರಿ.

ಒಂದು ಲಕ್ಷದ ಗುರಿಯನ್ನು ಜಪಾನ್ 2003ರಲ್ಲಿ ಮುಟ್ಟಿತು. 2008ರಲ್ಲಿ ಅದನ್ನು ಮೂರು ಲಕ್ಷಕ್ಕೆ ಏರಿಸಿದರು. ಭಾಷಾ ಶಾಲೆಯವರಿಗೆ ಪ್ರತ್ಯೇಕವಾಗಿದ್ದ ವೀಸಾ ದರ್ಜೆಯನ್ನು 2010ರಲ್ಲಿ ವಿಶ್ವವಿದ್ಯಾಲಯದವರ ದರ್ಜೆಯೊಂದಿಗೆ ಸೇರಿಸಿದರು. 2011ರ ಭೂಕಂಪ ಮತ್ತು ಸುನಾಮಿಯ ನಂತರ ಚೀನಾ, ಕೊರಿಯಾದವರು ಕಡಿಮೆಯಾಗಿ ವಿಯೆಟ್ನಾಂ, ನೇಪಾಳದವರು ಹೆಚ್ಚಾದರು. 2019ರ ಮೇ ತಿಂಗಳಿಗೆ ಲೆಕ್ಕ 3,12,214 ಮುಟ್ಟಿತು. ಆದರೆ ಅದೇ ವರ್ಷ ಟೋಕಿಯೊದ ಒಂದು ವಿಶ್ವವಿದ್ಯಾಲಯದಲ್ಲಿ ಮೂರು ವರ್ಷಗಳಲ್ಲಿ ಸುಮಾರು 1,600 ವಿದೇಶಿ ವಿದ್ಯಾರ್ಥಿಗಳು ಎಲ್ಲಿ ಹೋದರೆಂದೇ ತಿಳಿಯದ ಸಂಗತಿ ಹೊರಬಿತ್ತು. ಊರಿನಲ್ಲಿ ಬ್ರೋಕರಿಗೆ ಕೊಟ್ಟ ಹಣಕ್ಕೆ ಮಾಡಿದ ಸಾಲ ತೀರಿಸಲು ಹಗಲೂ ರಾತ್ರಿ ದುಡಿದು, ತರಗತಿಯಲ್ಲಿ ನಿದ್ದೆ ಮಾಡುವ ವಿದ್ಯಾರ್ಥಿಗಳ ಕಥೆ ಆ ವರ್ಷಗಳ ಜಪಾನಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಅಂಥ ಮಕ್ಕಳನ್ನು ಕಳ್ಳರಂತೆ ನೋಡುವುದು ಅನ್ಯಾಯ. ಅವರಲ್ಲಿ ಬಹುಪಾಲು ಜನ ಸುಳ್ಳು ಲೆಕ್ಕವೊಂದನ್ನು ನಂಬಿ ಹೊರಟವರು.

ಆ ಲೆಕ್ಕ ಎಂಥದೆಂದು ಸ್ವಲ್ಪ ನಿಧಾನವಾಗಿ ನೋಡೋಣ. ‘ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು, ಅದರಲ್ಲೇ ಫೀಸೂ ಕಟ್ಟಿ, ಊಟವೂ ನಡೆದು, ಮನೆಗೂ ಕಳಿಸಬಹುದು’ ಎನ್ನುತ್ತಾರೆ ಏಜೆಂಟರು. 28 ಗಂಟೆಯ ಮಾತು ನಿಜ. ವಲಸೆ ಇಲಾಖೆಯ ಅನುಮತಿ ಪಡೆದ ವಿದ್ಯಾರ್ಥಿ ವಾರಕ್ಕೆ 28 ಗಂಟೆಯವರೆಗೆ, ಶಾಲೆಯ ದೀರ್ಘ ರಜೆಗಳಲ್ಲಿ ದಿನಕ್ಕೆ 8 ಗಂಟೆಯವರೆಗೆ ದುಡಿಯಬಹುದು. ಬಾರು, ಪಚಿಂಕೊ ಜೂಜುಕೋಣೆಯಂಥ ಜಾಗಗಳಲ್ಲಿ ಮಾತ್ರ ಕೂಡದು. ಟೋಕಿಯೊದಲ್ಲಿ 2024ರ ಅಕ್ಟೋಬರಿನಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಇತ್ತು. ಆ ದರದಲ್ಲಿ ಒಂದು ಗಂಟೆಯೂ ತಪ್ಪದೆ ದುಡಿದರೆ ನಾಲ್ಕು ವಾರಕ್ಕೆ ಸುಮಾರು 1,30,000 ಯೆನ್ ಆಗುತ್ತದೆ. ಭಾಷಾ ಶಾಲೆಯ ವರ್ಷದ ಶುಲ್ಕ ಸಾಮಾನ್ಯವಾಗಿ 7ರಿಂದ 9 ಲಕ್ಷ ಯೆನ್ ಆಸುಪಾಸು; 8 ಲಕ್ಷ ಎಂದು ಹಿಡಿದರೆ ತಿಂಗಳಿಗೆ ಸುಮಾರು 67,000 ಯೆನ್ ಅದಕ್ಕೇ ಹೋಯಿತು. ಉಳಿದ 63,000ದಲ್ಲಿ ಟೋಕಿಯೊದ ಬಾಡಿಗೆ, ಊಟ, ರೈಲು, ಫೋನು, ಆರೋಗ್ಯ ವಿಮೆ ಎಲ್ಲ ಮುಗಿಯಬೇಕು. ಹಂಚಿಕೊಂಡ ಕೋಣೆಯಲ್ಲೂ ಇದು ಸಾಲದು. ಭಾಷೆ ಬಾರದವರಿಗೆ ಮೊದಲ ಎರಡು ಮೂರು ತಿಂಗಳು ಕೆಲಸವೇ ಸಿಗುವುದು ಕಷ್ಟ ಎಂಬುದನ್ನೂ ಸೇರಿಸಿಕೊಳ್ಳಿ. ಊರಿನ ಸಾಲದ ಬಡ್ಡಿಗೆ ಇದರಲ್ಲಿ ಜಾಗವೇ ಇಲ್ಲ. ಜಾಗ ಮಾಡಲು ಹೊರಟವರು 28 ಗಂಟೆ ದಾಟುತ್ತಾರೆ. ದಾಟಿದ್ದು ತೆರಿಗೆಯ ದಾಖಲೆಯಲ್ಲಿ ಕಾಣುತ್ತದೆ. ಆಮೇಲೆ ವೀಸಾ ನವೀಕರಣವಾಗುವುದಿಲ್ಲ.

ಮೊದಲ ಒಂದು ವರ್ಷದ ಶುಲ್ಕ ಮತ್ತು ಜೀವನ ವೆಚ್ಚ ಮನೆಯಿಂದಲೇ ಬರುವ ಸ್ಥಿತಿ ಇದ್ದರೆ ಮಾತ್ರ ಹೊರಡಿ. ಒಂದು ಯೆನ್‌ಗೆ 55ರಿಂದ 60 ಪೈಸೆ ಎಂದು ಹಿಡಿದರೆ ಶುಲ್ಕವೊಂದೇ ನಾಲ್ಕೂವರೆ ಲಕ್ಷ ರೂಪಾಯಿ ಆಸುಪಾಸು, ಖರ್ಚೆಲ್ಲ ಸೇರಿದರೆ ಅದರ ಎರಡು ಪಟ್ಟಿಗೂ ಮಿಗಿಲು. ಪಾರ್ಟ್‌ಟೈಮ್ ಕೆಲಸದ ಸಂಬಳ ಕೈಖರ್ಚಿಗಿರಲಿ. ಕಡತದಲ್ಲಿ ಅಪ್ಪನ ಪಾಸ್‌ಬುಕ್ ಕೇಳುವುದು ಈ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡಲು.

ನಮ್ಮ ಕಡೆಯ ಮನೆಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮಗಳು ಅರ್ಜಿ ಹಾಕುತ್ತಿದ್ದಾಳೆ ಅಂದುಕೊಳ್ಳಿ. ಜಪಾನಿನ ಅಧಿಕಾರಿ ನಿರೀಕ್ಷಿಸುವುದು ತಿಂಗಳ ಸಂಬಳ, ಉದ್ಯೋಗದ ಪ್ರಮಾಣಪತ್ರ, ಕಳೆದ ವರ್ಷಗಳ ತೆರಿಗೆ ದಾಖಲೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸಿದವರೇ ಇರುವುದಿಲ್ಲ. ಹಣ ತಿಂಗಳು ತಿಂಗಳು ಬರುವುದೂ ಇಲ್ಲ. ಕೊಯ್ಲು ಮುಗಿದು, ಅಡಿಕೆ ಒಣಗಿ, ಸೊಸೈಟಿಯಲ್ಲಿ ವ್ಯಾಪಾರವಾದ ದಿನ ಖಾತೆಗೆ ಒಮ್ಮೆಲೇ ನಾಲ್ಕೈದು ಲಕ್ಷ ಬೀಳುತ್ತದೆ. ನಮಗೆ ಇದು ಮಾಮೂಲು. ಟೋಕಿಯೊದಲ್ಲಿ ಕೂತು ನೋಡುವವರಿಗೆ ಅದು ಅರ್ಜಿಗೆ ಮುಂಚೆ ಯಾರಿಂದಲೋ ಕೈಗಡ ತಂದು ತುಂಬಿಸಿದ ಹಣದಂತೆ ಕಾಣುತ್ತದೆ. ವಲಸೆ ಇಲಾಖೆ ಬಹಳ ಸಂಶಯದಿಂದ ನೋಡುವುದು ಇಂಥ ದಿಢೀರ್ ಜಮೆಗಳನ್ನೇ.

ಹಾಗೆಂದು ಕೃಷಿಕರ ಮಕ್ಕಳಿಗೆ ದಾರಿ ಮುಚ್ಚಿಲ್ಲ. ಅವರು ತೋರಿಸಬೇಕಾದ ಕಾಗದ ಬೇರೆ, ಅಷ್ಟೆ. ಪಹಣಿ, ಮಾರಾಟದ ಬಿಲ್ಲು, ಸೊಸೈಟಿಯ ಖಾತೆಯ ವಿವರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಕನಿಷ್ಠ ಒಂದೆರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್. ಇವೆಲ್ಲದರ ಜೊತೆಗೆ, ಅಡಿಕೆ ಯಾವ ತಿಂಗಳು ಕೊಯ್ಯುತ್ತಾರೆ, ಯಾವಾಗ ಮಾರುತ್ತಾರೆ, ಹಣ ಯಾಕೆ ಹೀಗೆ ಒಟ್ಟಿಗೆ ಬರುತ್ತದೆ ಎಂದು ಸರಳವಾಗಿ ವಿವರಿಸುವ ಒಂದು ಪುಟ. ಹಿಂದಿನ ವರ್ಷವೂ ಅದೇ ತಿಂಗಳಲ್ಲಿ ಅಂಥದೇ ಜಮೆ ಆಗಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೇರೆ ಭಾಷೆಯ ದಾಖಲೆಗಳಿಗೆ ಜಪಾನಿ ಅನುವಾದ ಲಗತ್ತಿಸಬೇಕಾಗುತ್ತದೆ. ಕನ್ನಡದಲ್ಲಿರುವ ಪಹಣಿಯನ್ನು ಮೊದಲು ಇಂಗ್ಲಿಷಿಗೆ ತರಿಸಿಕೊಂಡರೆ ಮುಂದಿನ ಕೆಲಸಕ್ಕೆ ಶಾಲೆಯವರು ಸಾಮಾನ್ಯವಾಗಿ ನೆರವಾಗುತ್ತಾರೆ. ಸುಳ್ಳು ಸಂಬಳ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಒಮ್ಮೆ ಸಲ್ಲಿಸಿದ ಕಾಗದ ವಲಸೆ ಇಲಾಖೆಯಲ್ಲಿ ಉಳಿಯುತ್ತದೆ. ಮುಂದೆ ಎಂದಾದರೂ ಮತ್ತೆ ಅರ್ಜಿ ಹಾಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಇನ್ನೊಂದು ತೊಡಕು ಹೆಸರಿನದು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಊರ ಹೆಸರೋ ಅಪ್ಪನ ಹೆಸರೋ ಆಗಿರುತ್ತದೆ. ಅಪ್ಪನ ಬ್ಯಾಂಕ್ ಖಾತೆಯಲ್ಲಿ ಮೂರನೆಯ ರೂಪ. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟುಗಳೂ ಬೇಕಾದಷ್ಟು. ಜಪಾನಿನಲ್ಲಿ ಎಲ್ಲ ದಾಖಲೆಯೂ ಪಾಸ್‌ಪೋರ್ಟಿನ ಹೆಸರನ್ನು ಅಕ್ಷರಶಃ ಹಿಂಬಾಲಿಸುತ್ತದೆ. ಆದ್ದರಿಂದ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ಸರಿಪಡಿಸಿಕೊಂಡು, ಹೆಸರಿನ ಎಲ್ಲ ರೂಪಗಳೂ ಒಬ್ಬರವೇ ಎಂಬ ಅಫಿಡವಿಟ್ ಮಾಡಿಸಿಟ್ಟುಕೊಳ್ಳುವುದು ಕ್ಷೇಮ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಅದನ್ನೂ ಮೊದಲೇ ಸೇರಿಸಬೇಕು. ತಂದೆ–ಮಗಳ ಸಂಬಂಧಕ್ಕೆ ಮುಖ್ಯ ಆಧಾರ ಅದೇ.

ಓದಿನ ಕಡೆಯಿಂದ ಕೇಳುವುದು ಹೆಚ್ಚೇನಿಲ್ಲ. ಹನ್ನೆರಡು ವರ್ಷದ ಶಾಲಾ ಶಿಕ್ಷಣ, ಅಂದರೆ ನಮ್ಮ ದ್ವಿತೀಯ ಪಿಯುಸಿ. ಜೊತೆಗೆ ಜಪಾನಿ ಭಾಷೆಯನ್ನು ಈಗಾಗಲೇ 150 ಗಂಟೆಯಾದರೂ ಕಲಿತಿದ್ದಕ್ಕೆ ಪುರಾವೆ, ಇಲ್ಲವೇ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಮೊದಲ ಮೆಟ್ಟಿಲು ಎನ್5. ಈ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಕಲಿತರೂ 150 ಗಂಟೆಗೆ ಇಪ್ಪತ್ತು ವಾರ ಬೇಕು. ಬಿಡದಿಯಲ್ಲಿ ಟೊಯೋಟ ಬಂದ ಮೇಲೆ ಬೆಂಗಳೂರಿನಲ್ಲಿ ಜಪಾನಿ ಕಲಿಸುವವರಿಗೆ ಬರವಿಲ್ಲ. ಹಾಜರಾತಿ ಮತ್ತು ಗಂಟೆಗಳ ಲೆಕ್ಕವನ್ನು ಸರಿಯಾಗಿ ಬರೆದುಕೊಡುವ ಕಡೆ ಸೇರಿಕೊಳ್ಳಿ. ಕನ್ನಡದವರಿಗೆ ವಾಕ್ಯರಚನೆ ಬೇಗ ಒಗ್ಗುತ್ತದೆ: ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯದಂಥವು ನಾಮಪದದ ಹಿಂದೆ ಅಂಟುತ್ತವೆ. ಕಷ್ಟ ಕೊಡುವುದು ಲಿಪಿ. ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ ದಿನಬಳಕೆಯವುಗಳ ಅಧಿಕೃತ ಪಟ್ಟಿಯಲ್ಲೇ 2,136 ಇವೆ. ಚೀನಾದ ಸಹಪಾಠಿಗಳು ಅಲ್ಲಿ ಓಡುತ್ತಾರೆ, ನಾವು ತೆವಳುತ್ತೇವೆ. ಶಾಲೆ ಆರಿಸುವಾಗ ಕಾಂಜಿ ಬಾರದ ದೇಶದವರಿಗೆ ಪ್ರತ್ಯೇಕ ತರಗತಿ ಇದೆಯೇ ಎಂದು ಕೇಳಬೇಕಾದ್ದು ಇದಕ್ಕೇ.

ಶಾಲೆಯ ವಿಷಯಕ್ಕೆ ಬಂದರೆ, ಜಪಾನಿನಲ್ಲಿ ವಿದ್ಯಾರ್ಥಿ ವೀಸಾ ಕೊಡಿಸಬಲ್ಲ ಭಾಷಾ ಶಾಲೆಗಳು 800ಕ್ಕೂ ಹೆಚ್ಚಿವೆ. 2024ರ ಏಪ್ರಿಲ್ 1ರಿಂದ ಹೊಸ ಕಾನೂನು ಜಾರಿಗೆ ಬಂದು, ಶಿಕ್ಷಣ ಸಚಿವಾಲಯವೇ ಶಾಲೆಗಳಿಗೆ ಮಾನ್ಯತೆ ಕೊಡಲಾರಂಭಿಸಿದೆ. ಶಿಕ್ಷಕರಿಗೂ ರಾಷ್ಟ್ರಮಟ್ಟದ ಅರ್ಹತೆ ಬಂದಿದೆ. ಹಳೆಯ ಶಾಲೆಗಳಿಗೆ ಹೊಸ ಮಾನ್ಯತೆ ಪಡೆಯಲು 2029ರ ಮಾರ್ಚ್‌ವರೆಗೆ ಸಮಯವಿದೆ. ಆದ್ದರಿಂದ ನೀವು ನೋಡುತ್ತಿರುವ ಶಾಲೆಗೆ ಮಾನ್ಯತೆ ಬಂದಿದೆಯೇ, ಇನ್ನೂ ಹಳೆಯ ಪಟ್ಟಿಯಲ್ಲೇ ಇದೆಯೇ ಎಂದು ನೇರವಾಗಿ ಕೇಳಿ. ಕಳೆದ ವರ್ಷ ಮುಗಿಸಿದವರು ಎಲ್ಲಿಗೆ ಹೋದರು, ಒಂದೇ ದೇಶದವರೇ ತುಂಬಿದ್ದಾರೆಯೇ ಎಂಬುದನ್ನೂ ಕೇಳಬೇಕು. ಎಲ್ಲರೂ ಟೋಕಿಯೊಗೇ ಮುಗಿಬೀಳಬೇಕೆಂದೇನೂ ಇಲ್ಲ. ಉತ್ತರದ ಹೊಕ್ಕೈಡೊ ದ್ವೀಪದ ಹಿಗಾಶಿಕಾವಾ ಎಂಬ ಪುಟ್ಟ ಪಟ್ಟಣದಲ್ಲಿ ಸ್ಥಳೀಯ ಆಡಳಿತವೇ 2015ರಲ್ಲಿ ಭಾಷಾ ಶಾಲೆ ತೆರೆಯಿತು. ಇಡೀ ಜಪಾನಿನಲ್ಲಿ ಅಂಥದು ಅದೇ ಮೊದಲು. ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ. ಅಂಗಡಿಯಲ್ಲೂ ಬಸ್ಸಿನಲ್ಲೂ ಜಪಾನಿ ಬಿಟ್ಟರೆ ಗತಿಯಿಲ್ಲದಿರುವುದು ಭಾಷೆ ಕಲಿಯಲು ಬಂದವರಿಗೆ ವರವೇ.

ತರಗತಿಗಳು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ ಆರಂಭವಾಗುತ್ತವೆ. ಏಪ್ರಿಲ್‌ನಲ್ಲಿ ಸೇರಿದವರಿಗೆ ಎರಡು ವರ್ಷ, ಅಕ್ಟೋಬರ್‌ನವರಿಗೆ ಒಂದೂವರೆ ವರ್ಷ. ಏಪ್ರಿಲ್ ಪ್ರವೇಶಕ್ಕೆ ಹಿಂದಿನ ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಶಾಲೆಗೆ ಕಾಗದಪತ್ರ ತಲುಪಿರಬೇಕು. ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಶಾಲೆ ಅದನ್ನು ವಲಸೆ ಕಚೇರಿಗೆ ಒಯ್ಯುತ್ತದೆ. ಫಲಿತಾಂಶ ಫೆಬ್ರವರಿ ಕೊನೆಗೆ. ಸಿಒಇಗೆ ಮೂರು ತಿಂಗಳ ಆಯುಷ್ಯ. ಅಷ್ಟರೊಳಗೆ ವೀಸಾ ಪಡೆದು ಜಪಾನ್ ಪ್ರವೇಶಿಸಬೇಕು. ಕೋವಿಡ್ ಕಾಲದಲ್ಲಿ ಜಪಾನ್ ತನ್ನ ಗಡಿ ಮುಚ್ಚಿದಾಗ ಹೀಗೆ ಅನುಮತಿ ಇದ್ದೂ ಒಳಗೆ ಹೋಗಲಾಗದ ವಿದ್ಯಾರ್ಥಿಗಳು ಸುಮಾರು ಒಂದೂವರೆ ಲಕ್ಷ. 2022ರ ಮಾರ್ಚ್‌ವರೆಗೆ ಅವರಲ್ಲಿ ಎಷ್ಟೋ ಮಂದಿ ತಮ್ಮ ಊರಿನ ನಡುರಾತ್ರಿಗಳಲ್ಲಿ ಆನ್‌ಲೈನ್ ಪಾಠ ಕೇಳುತ್ತ ಕಾದರು. ಸಿಒಇಯ ಅವಧಿಯನ್ನು ಸರ್ಕಾರ ವಿಸ್ತರಿಸಿತು, ನಿಜ. ಆದರೆ ಕಾಯಲಾಗದೆ ಬೇರೆ ದೇಶಕ್ಕೆ, ಬೇರೆ ಬದುಕಿಗೆ ಹೊರಳಿದವರ ವರ್ಷಗಳನ್ನು ಯಾರೂ ವಿಸ್ತರಿಸಿಕೊಡಲಿಲ್ಲ.

ಸಿಒಇ ನಿರಾಕರಣೆಯಾದರೆ? ಕಾರಣ ಕೇಳಲು ಅವಕಾಶವಿದೆ. ಶಾಲೆಯ ಪ್ರತಿನಿಧಿ ವಲಸೆ ಕಚೇರಿಗೆ ಹೋಗಿ ಒಂದು ಸಲ ವಿವರಣೆ ಪಡೆಯಬಹುದು. ಹಾಗೆ ಕೇಳಿ ತಿಳಿಸಲು ಶಾಲೆಯವರನ್ನು ಒತ್ತಾಯಿಸಿ, ಅದು ನಿಮ್ಮ ಹಕ್ಕು ಎಂದೇ ತಿಳಿಯಿರಿ. ಹಣದ ಮೂಲ ಸ್ಪಷ್ಟವಾಗಿಲ್ಲ ಎಂಬುದು ಸಾಮಾನ್ಯ ಕಾರಣ. ಪದವಿ ಮುಗಿದು ಬಹಳ ವರ್ಷವಾದ ಮೇಲೆ ಈಗ ಭಾಷೆ ಯಾಕೆ ಎಂಬುದಕ್ಕೆ ಉತ್ತರ ತೃಪ್ತಿಕರವಾಗಿಲ್ಲ ಎಂಬುದು ಇನ್ನೊಂದು. ಅರ್ಜಿಯ ಜೊತೆ ‘ಯಾಕೆ ಕಲಿಯುತ್ತೇನೆ’ ಎಂಬ ಪತ್ರ ಕೊಡಬೇಕಲ್ಲ, ಅದನ್ನು ಏಜೆಂಟರು ಹತ್ತಾರು ಜನಕ್ಕೆ ಒಂದೇ ಮಾದರಿಯಲ್ಲಿ ಬರೆದುಕೊಡುತ್ತಾರೆ. ಚಿಕ್ಕಂದಿನಿಂದ ಅನಿಮೆ ನೋಡಿ ಇಷ್ಟವಾಯಿತು ಎಂಬ ನಾಲ್ಕು ಸಾಲು ಸಾಲದು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು, ಬಿಡದಿಯ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದವನು, ಜಪಾನಿ ಕೈಪಿಡಿ ಓದಲಾಗದೆ ಎಲ್ಲಿ ತಡವರಿಸಿದೆ ಎಂದು ತನ್ನದೇ ಮಾತಿನಲ್ಲಿ ಬರೆದರೆ ಅದು ಯಾರೂ ನಕಲು ಮಾಡಲಾಗದ ಪತ್ರವಾಗುತ್ತದೆ. ಮಕ್ಕಳು ಬರೆದದ್ದನ್ನು ಮನೆಯವರೂ ಒಮ್ಮೆ ಓದಿಟ್ಟುಕೊಳ್ಳಿ. ಕೆಲವು ಶಾಲೆಗಳು ಖರ್ಚು ಹೊರುವವರಿಗೂ ಫೋನ್ ಮಾಡಿ ಪ್ರಶ್ನೆ ಕೇಳುತ್ತವೆ.

ಜಪಾನಿನ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ತಕ್ಷಣ ವಾಸದ ಕಾರ್ಡ್ ಕೈಗೆ ಕೊಡುತ್ತಾರೆ. ಪಾರ್ಟ್‌ಟೈಮ್ ಕೆಲಸದ ಅನುಮತಿಯ ಅರ್ಜಿಯನ್ನು ಅಲ್ಲೇ ಭರ್ತಿ ಮಾಡಿ ಕೊಟ್ಟರೆ ಆಮೇಲೆ ಕಚೇರಿ ಅಲೆಯುವುದು ತಪ್ಪುತ್ತದೆ. ಮನೆ ಸಿಕ್ಕ 14 ದಿನದೊಳಗೆ ಸ್ಥಳೀಯ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ಆಸ್ಪತ್ರೆ ಖರ್ಚಿನಲ್ಲಿ ನಮ್ಮ ಪಾಲು ಆಗ 30 ಪ್ರತಿಶತ ಮಾತ್ರ. ಅಲ್ಲಿಂದ ಮುಂದೆ ವೀಸಾ ಉಳಿಸುವುದು ಹಾಜರಾತಿ. ವಾರಕ್ಕೆ ಕನಿಷ್ಠ 20 ಪಾಠ. ಹಾಜರಾತಿ 80 ಪ್ರತಿಶತಕ್ಕಿಂತ ಕೆಳಗಿಳಿದರೆ ನವೀಕರಣದ ವೇಳೆ ವಿವರಣೆ ಕೊಡಬೇಕಾದೀತು. ಜ್ವರ ಬಂದು ರಜೆ ಹಾಕಿದರೂ ಡಾಕ್ಟರ ಚೀಟಿ ತೆಗೆದಿಡಿ.

ಪದವಿ ಮುಗಿಸಿ ಹೋಗುವ ನಮ್ಮವರಿಗೆ ಕೊನೆಯದೊಂದು ಸೂಚನೆ. ಭಾಷಾ ಶಾಲೆ ಮುಗಿದ ಮೇಲೆ, ಅಥವಾ ಅದು ಮುಗಿಯುವ ಮೊದಲೇ ಕೆಲಸ ಸಿಕ್ಕರೆ, ಜಪಾನಿನೊಳಗಿದ್ದುಕೊಂಡೇ ವಿದ್ಯಾರ್ಥಿ ವೀಸಾವನ್ನು ಉದ್ಯೋಗ ವೀಸಾಕ್ಕೆ ಬದಲಿಸಿಕೊಳ್ಳಬಹುದು. ಭಾರತದ ಪದವಿ ಅದಕ್ಕೆ ಅರ್ಹ. ಆಗ ಕೇಳುವುದು ಘಟಿಕೋತ್ಸವದ ಪದವಿ ಪ್ರಮಾಣಪತ್ರವನ್ನು. ಕೈಯಲ್ಲಿರುವುದು ತಾತ್ಕಾಲಿಕ ಪ್ರಮಾಣಪತ್ರವಷ್ಟೇ ಆಗಿದ್ದರೆ ಫಜೀತಿ. ನಮ್ಮ ವಿಶ್ವವಿದ್ಯಾಲಯಗಳಿಂದ ಘಟಿಕೋತ್ಸವದ ಪ್ರಮಾಣಪತ್ರ ಬರಲು ಎಷ್ಟು ತಿಂಗಳು ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತು. ಜಪಾನಿ ತರಗತಿಗೆ ಹೆಸರು ನೋಂದಾಯಿಸಿದ ವಾರವೇ ಅದಕ್ಕೂ ಅರ್ಜಿ ಹಾಕಿಬಿಡಿ.